ಅಪ್ಪನ ತಟ್ಟೆಯ ಮುದ್ದೆ

ನಮ್ಮ ಮನೆಯಿಂದ ಅನ್ನವನ್ನು ಓಡಿಸಿದ್ದು ಶಿಡ್ಲಘಟ್ಟದ ಡಾಕ್ಟರು. ಎಂಬತ್ತರ ದಶಕದ ಕೊನೆ ಅದು. ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ಅವರು ಮಾತ್ರೆ ಬರೆದುಕೊಟ್ಟು, "ಅನ್ನ ಬಿಡಿ, ಮುದ್ದೆ ತಿನ್ನಿ, ಸೊಪ್ಪು ತರಕಾರಿ ಜಾಸ್ತಿ ಇರ್ಲಿ" ಎಂದರು. ಅಷ್ಟು ಸಾಕಾಯಿತು. ಜಂಗಮಕೋಟೆ ಹತ್ತಿರದ ನಮ್ಮೂರಲ್ಲಿ ಬಸ್ಸಿಳಿಯುವ ಹೊತ್ತಿಗೆ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು.

ಅಮ್ಮನ ಹಟ ಅಂದರೆ ಹಟ. ಕಾಫಿಯ ಬೆಲ್ಲ ಹೋಯಿತು, ಬೋಂಡ ಹೋಯಿತು, ಒಗ್ಗರಣೆಯ ಎಣ್ಣೆ ತೊಟ್ಟಿನ ಲೆಕ್ಕಕ್ಕೆ ಇಳಿಯಿತು. ದಿನಾ ದಂಟಿನ ಸೊಪ್ಪು, ಹುರುಳಿಕಾಳು, ಬಸ್ಸಾರು. ನಾನು ಮುಖ ಸಿಂಡರಿಸಿದರೆ, "ನಿಮ್ಮಪ್ಪ ಬೇಕೋ ಬೋಂಡ ಬೇಕೋ ಹೇಳೇ?" ಎಂದು ಗದರುತ್ತಿದ್ದಳು. ನಾನು ತಟ್ಟೆಗೆ ಬಗ್ಗಿ ಉಣ್ಣುತ್ತಿದ್ದೆ.

ಆದರೆ ಅಪ್ಪನ ತಟ್ಟೆಯಲ್ಲಿ ಮುದ್ದೆ ದಪ್ಪಗಾಗುತ್ತಿತ್ತು. ಅನ್ನ ಬಿಟ್ಟ ಜಾಗ ತುಂಬಬೇಕಲ್ಲ! ನಮ್ಮ ಸೀಮೆಯಲ್ಲಿ ಮುದ್ದೆಯಿಂದ ಕೆಡುಕಾಗುತ್ತದೆ ಎಂದು ಯಾರ ಬಾಯಲ್ಲೂ ಕೇಳಿದ್ದಿಲ್ಲ. ಡಾಕ್ಟರೇ ತಿನ್ನಿ ಅಂದ ಮೇಲೆ ಎಷ್ಟು ತಿಂದರೆ ಅಷ್ಟು ಒಳ್ಳೆಯದು ಎಂದು ಅಮ್ಮ ನಂಬಿಬಿಟ್ಟಳು. "ಗೇಯೋ ಮನುಷ್ಯ, ಹೊಟ್ಟೆ ತುಂಬ ತಿನ್ಲಿ" ಎನ್ನುತ್ತ ಒದ್ದೆ ಕೈಯಲ್ಲಿ ಉರುಳಿಸಿ ಉರುಳಿಸಿ ಇಡುತ್ತಿದ್ದಳು.

ಅಪ್ಪ ಚೊಂಬುಗಟ್ಟಲೆ ನೀರು ಕುಡಿಯತೊಡಗಿದ, ರಾತ್ರಿಯೆಲ್ಲ ಉಚ್ಚೆಗೆ ಏಳತೊಡಗಿದ. ಅವನು ಉಚ್ಚೆ ಹೊಯ್ಯುತ್ತಿದ್ದ ಬಚ್ಚಲ ಮೋರಿಯ ಬಾಯಲ್ಲಿ ಇರುವೆ ಮುತ್ತಿದವು. ಅಮ್ಮ ಅರಿಶಿನ ಚೆಲ್ಲಿದಳು; ಮಾರನೆಯ ದಿನ ಅರಿಶಿನದ ಮೇಲೇ ಇರುವೆಗಳ ಸಾಲು. ನನಗೆ ಅದನ್ನು ನೋಡಿದರೆ ಏನೋ ಹೆದರಿಕೆ.

ಒಂದು ಬೆಳಗ್ಗೆ ಹುಳುಮನೆಯ ನೆಲದ ಮೇಲೆ ರಕ್ತದ ಹೆಜ್ಜೆ ಕಂಡಿತು. ರೇಷ್ಮೆಹುಳುವಿಗೆ ರೋಗ ತಗುಲಬಾರದೆಂದು ಅಲ್ಲಿ ಎಲ್ಲರೂ ಬರಿಗಾಲು. ಅಪ್ಪ ಹಾಡುತ್ತ ಸೊಪ್ಪು ಹಾಕುತ್ತಿದ್ದ.

"ಅಪ್ಪಾ, ನಿನ್ ಕಾಲು!" ಎಂದೆ.

ಅವನು ಪಾದ ಎತ್ತಿ ನೋಡಿಕೊಂಡ. ಹಿಪ್ಪುನೇರಳೆ ಕಡ್ಡಿಯ ಚೂಪು ತುದಿ ಅಂಗಾಲಲ್ಲಿ ನಾಟಿಕೊಂಡಿತ್ತು. "ಅಯ್ಯೋ, ಗೊತ್ತೇ ಆಗ್ಲಿಲ್ವಲ್ಲ ಕಣಮ್ಮ" ಎಂದು ನಕ್ಕ.

ಗಾಯ ಮಾಯಲಿಲ್ಲ. ಅಮ್ಮ ಅರಿಶಿನ ಕಟ್ಟಿದಳು, ಬೇವು ಅರೆದು ಹಚ್ಚಿದಳು. "ಗಾಯ ಒಣಗ್ಬೇಕಾದ್ರೆ ಮೈಯಲ್ಲಿ ಬಲ ಬೇಡ್ವಾ?" ಎಂದು ಮುದ್ದೆಯನ್ನು ಇನ್ನಷ್ಟು ದಪ್ಪ ಮಾಡಿದಳು. ಪಾದ ಊದಿ, ಬೆರಳು ಕಪ್ಪಾಗಿ, ವಾಸನೆ ಬಂದ ಮೇಲೆಯೇ ಅಪ್ಪ ಬಸ್ಸು ಹತ್ತಲು ಒಪ್ಪಿದ್ದು.

ಡಾಕ್ಟರು ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿ, "ಏನಮ್ಮಾ ಊಟಕ್ಕೆ ಕೊಡ್ತಿದ್ದೀರ?" ಎಂದರು.

"ಅಯ್ಯೋ, ಒಂದು ಅಗುಳು ಅನ್ನ ಮುಟ್ಟಿಸಿಲ್ಲ ಸ್ವಾಮಿ. ಬರೀ ಮುದ್ದೆ."

"ಎಷ್ಟು ದಪ್ಪ?"

ಅಮ್ಮ ಎರಡೂ ಕೈ ಬೊಗಸೆ ಮಾಡಿ, ಬೆರಳುಗಳನ್ನು ಇನ್ನೂ ಅಗಲಿಸಿ ಹೆಮ್ಮೆಯಿಂದ ತೋರಿಸಿದಳು. ಡಾಕ್ಟರು ತಮ್ಮ ಒಂದು ಮುಷ್ಟಿಯನ್ನು ಸಣ್ಣಗೆ ಹಿಡಿದು ಮೇಜಿನ ಮೇಲಿಟ್ಟರು. "ರಾಗೀಲೂ ಸಕ್ಕರೆ ಆಗುತ್ತಮ್ಮ. ಇಷ್ಟೇ ಕೊಡ್ಬೇಕಿತ್ತು. ನಾನೂ ಅವತ್ತು ಹೇಳ್ಬೇಕಿತ್ತು" ಎಂದರು. ಅಮ್ಮನ ಬೊಗಸೆ ಹಾಗೇ ನಿಂತಿತ್ತು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಪಾದ ತೆಗೆದರು.

ಮನೆಗೆ ಬಂದ ದಿನ ಅಮ್ಮ ತಟ್ಟೆ ತುಂಬ ಸೊಪ್ಪಿನ ಪಲ್ಯ ಬಡಿಸಿ, ಪಕ್ಕದಲ್ಲಿ ಪುಟ್ಟ ಮುದ್ದೆ ಇಟ್ಟಳು. ಅಪ್ಪ ಅದನ್ನು ಬೆರಳಲ್ಲಿ ತಳ್ಳಿ, "ಇದೇನೇ, ಗೋಲಿ ಆಡಕ್ಕಾ?" ಎಂದು ರೇಗಿಸಿದ.

ಅಮ್ಮ ನಗಲಿಲ್ಲ. "ಇನ್ನೊಂದು ಕಾಲೈತೆ. ಸುಮ್ನೆ ತಿನ್ನಿ" ಎಂದಳು.