ನೀರುಗಂಟಿಯ ಒದ್ದೆ ಧೋತರ

ಹೊಸಹಳ್ಳಿಯ ಆಚೆ, ಎರಡು ಗುಡ್ಡಗಳ ನಡುವೆ ಒಡ್ಡು ಕಟ್ಟಿ ನಿಲ್ಲಿಸಿದ ಕೆರೆಗೆ ಸೋಮಪ್ಪ ನೀರುಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ಆ ಕೆಲಸ ಅಪ್ಪನಿಂದ ಬಂದದ್ದು. ಹೊತ್ತಿಗೆ ಸರಿಯಾಗಿ ಉಣ್ಣಲು ಬರುತ್ತಿದ್ದವನು ಎಪ್ಪತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ದಿನಾ ತಡ ಮಾಡತೊಡಗಿದಾಗ ಹೆಂಡತಿ ಎರ್ರೆಮ್ಮನಿಗೆ ಅನುಮಾನ ಹತ್ತಿತು.

ಬಂದವನ ತಲೆ ಒದ್ದೆ, ಧೋತರ ಒದ್ದೆ. ಕೇಳಿದರೆ ಸೆಕೆ ಅನ್ನುತ್ತಿದ್ದ. ಚಳಿಗಾಲದಲ್ಲಿ ಎಂಥ ಸೆಕೆ? ಒಂದು ದಿನ ಅವನ ಸೊಂಟಕ್ಕೆ ಬಲೆಯ ದಾರದ ಎಳೆ ಅಂಟಿತ್ತು. ಆ ಕೆರೆಯಲ್ಲಿ ಬಲೆ ಬೀಸುವವಳು ಒಬ್ಬಳೇ, ಗಂಡ ಸತ್ತ ಹುಲುಗಮ್ಮ. ಎರ್ರೆಮ್ಮ ಸಂತೆಯಲ್ಲಿ ಅವಳನ್ನು ದಿಟ್ಟಿಸಿದಳು. ಹುಲುಗಮ್ಮ ನಕ್ಕು ಎರಡು ಮೀನು ಹೆಚ್ಚು ಹಾಕಿದಳು. ಅದೂ ಎರ್ರೆಮ್ಮನಿಗೆ ಸಾಕ್ಷಿಯಾಯಿತು.

ಮರುದಿನ ಗಂಡನ ಹಿಂದೆಯೇ ಹೋಗಿ ತಂಗಡಿ ಗಿಡದ ಮರೆಯಲ್ಲಿ ಕುಳಿತಳು. ಹುಲುಗಮ್ಮ ದಡದ ಬಂಡೆ ಮೇಲೆ ನಿಂತಿದ್ದಳು. ಸೋಮಪ್ಪ ಮುಳುಗದಂತೆ ಸೊಂಟಕ್ಕೆ ಬಲೆಯ ದಾರದಿಂದ ಸೋರೆಬುರುಡೆ ಕಟ್ಟಿಕೊಂಡು ನೀರಿನಲ್ಲಿ ಕೈಕಾಲು ಬಡಿಯುತ್ತಿದ್ದ. ಎರ್ರೆಮ್ಮ ಎದ್ದು ಬಂದಳು.

ಸೋಮಪ್ಪ ತಲೆ ತಗ್ಗಿಸಿಯೇ ಎಲ್ಲ ಹೇಳಿದ. ಹಿಂದಿನ ಮಳೆಗಾಲದಲ್ಲಿ ಕೆರೆ ತುಂಬಿ ಒಡ್ಡು ಬಿರುಕು ಬಿಟ್ಟಾಗ ಮುಳುಗಿ ತೂಬಿನ ಬಿರಡೆ ಕಿತ್ತು, ನೀರು ಹೊರಬಿಟ್ಟು ಒಡ್ಡು ಉಳಿಸಿದವಳು ಹುಲುಗಮ್ಮ. ನೋಡಿದವರು ಯಾರೂ ಇರಲಿಲ್ಲ. ಊರು ಮಾಲೆ ಹಾಕಿದ್ದು ಮಾತ್ರ ಅವನ ಕೊರಳಿಗೆ.

"ನೀರುಗಂಟಿ ಮಗ ನಾನು. ಈಜು ಬರಂಗಿಲ್ಲ ಅಂತ ಯಾರ ಮುಂದ ಹೇಳ್ಲಿ?"

"ನನ್ನ ಮುಂದ ಹೇಳಬೇಕಿತ್ತು," ಎಂದಳು ಎರ್ರೆಮ್ಮ.

ಹುಲುಗಮ್ಮ ಬಂಡೆಯಿಂದ ಇಳಿದಳು. "ಯಕ್ಕಾ, ನಿನ್ನ ಗಂಡ ಕಲ್ಲಿದ್ದಂಗ ಅದಾನ. ಬುರುಡಿ ಬಿಚ್ಚಿದ್ರ ಸೀದಾ ತಳಕ್ಕ ಹೋಗ್ತಾನ."

ಈಜಿನ ಮಾತನ್ನು ಎರ್ರೆಮ್ಮ ನಂಬಿದಳು. ಅಷ್ಟೇ ಇದೆ ಎಂಬುದನ್ನು ಮಾತ್ರ ಪೂರ್ತಿ ನಂಬಲಾಗಲಿಲ್ಲ. ಅಂದಿನಿಂದ ದಿನವೂ ರೊಟ್ಟಿ ಗಂಟು ಹಿಡಿದು ದಡದಲ್ಲಿ ಕುಳಿತು, ಹುಲುಗಮ್ಮನ ಕೈ ಎಲ್ಲಿ ಹೋಗುತ್ತದೆ, ಗಂಡನ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಕಾದಳು. ಕಾಯುವುದು ಬೇಸರವಾಗಿ ಸೀರೆ ಕಚ್ಚೆ ಹಾಕಿ ತಾನೂ ಇಳಿದಳು. ಗಂಡನಿಗಿಂತ ಮೊದಲೇ ಅವಳಿಗೆ ಈಜು ಬಂತು.

ಯುಗಾದಿ ಹೊತ್ತಿಗೆ ಸೋಮಪ್ಪನೂ ಬುರುಡೆ ಬಿಚ್ಚಿದ. ಬಿರಡೆ ಕಿತ್ತವಳು ಯಾರೆಂದು ಊರವರ ಮುಂದೆ ಹೇಳಲೇಬೇಕೆಂದು ಎರ್ರೆಮ್ಮ ಪಟ್ಟು ಹಿಡಿದಳು. ಹುಲುಗಮ್ಮನ ಮೇಲಿನ ಅಭಿಮಾನದಿಂದಲ್ಲ, ಅವಳಿಗೂ ತನ್ನ ಗಂಡನಿಗೂ ನಡುವೆ ಗುಟ್ಟು ಅಂತ ಒಂದೂ ಉಳಿಯಬಾರದೆಂದು. ಸೋಮಪ್ಪ ಹೇಳಿದ. ಕೆಲವರು ನಕ್ಕರು, ಹಿರಿಯರು ಹುಲುಗಮ್ಮನನ್ನು ಕರೆಸಿ ಸೀರೆ ಉಡಿಸಿದರು. ಗಂಡ ಸತ್ತವಳಿಗೆ ಉಡಿ ತುಂಬುವ ರೂಢಿ ಇಲ್ಲದಿದ್ದರೂ ತುಂಬಿದವಳು ಎರ್ರೆಮ್ಮನೇ.