ಚೆನ್ನಾಗಿ ಬಿದ್ದವರು

ಅವರ ಋಣ ನನ್ನ ಮೇಲಿರುವುದಕ್ಕಿಂತ ನನ್ನ ಅಮ್ಮನ ಮೇಲೇ ಹೆಚ್ಚು. ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದು, ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಸಮುದಾಯ ಹಾಲ್‌ನಲ್ಲಿ ಹುಡುಗಿಯರಿಗೆ ಜೂಡೋ ಕಲಿಸುತ್ತಿದ್ದ ಆ ಅಕ್ಕ, ದೇಶದ ಪರವಾಗಿ ವಿದೇಶಗಳಲ್ಲಿ ಆಡಿದವರು. ಕೊರಿಯಾದ ಪಂದ್ಯದಲ್ಲಿ ಏನಾಯಿತು ಎಂದು ಕೇಳಿದರೆ, "ಚೆನ್ನಾಗಿ ಬಿದ್ದೆ" ಎಂದು ನಗುತ್ತಿದ್ದರು. ನಮಗೂ ತಿಂಗಳುಗಟ್ಟಲೆ ಬೀಳುವುದನ್ನೇ ಕಲಿಸಿದರು.

"ನೆಲ ನಿನ್ನ ಹೊಡಿಯೋಕ್ ಮುಂಚೆ ನೀನೇ ನೆಲಕ್ಕೆ ಹೊಡಿ, ಮಾರಾಯ್ತಿ!" ಎನ್ನುತ್ತ, ತಾವೇ ಗದ್ದವನ್ನು ಎದೆಗೊತ್ತಿಕೊಂಡು ಹಿಂದಕ್ಕೆ ಬಿದ್ದು ಅಂಗೈಯಿಂದ ಮ್ಯಾಟಿಗೆ ಫಟ್ಟನೆ ಬಡಿದು ತೋರಿಸುತ್ತಿದ್ದರು.

ನನ್ನನ್ನು ಒಬ್ಬಳನ್ನೇ ಕಳಿಸಲೊಪ್ಪದ ಅಮ್ಮ, ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಗೊಣಗುತ್ತಿದ್ದಳು: "ಬೀಳೋದನ್ನೂ ಯಾರಾದ್ರೂ ಕಲಿಸ್ತಾರಾ?"

ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಅಮ್ಮ ಹಿಂದಕ್ಕೆ ಜಾರಿದಳು. ಫಟ್ಟೆಂಬ ಸದ್ದಿಗೆ ನಾನು ಓಡಿದೆ. ಗದ್ದವನ್ನು ಎದೆಗೊತ್ತಿಕೊಂಡು, ಅಂಗೈ ನೆಲಕ್ಕೆ ಬಡಿದು ಬಿದ್ದಿದ್ದಳು. ತಲೆಗೆ ಏನೂ ಆಗಿರಲಿಲ್ಲ.

ಸಂಜೆ ಮೊದಲ ಬಾರಿಗೆ ಹಾಲ್‌ನ ಬಾಗಿಲು ದಾಟಿ ಒಳಗೆ ಬಂದು, ಕೆಂಪಾದ ಅಂಗೈಯನ್ನು ಅಕ್ಕನಿಗೆ ತೋರಿಸಿದಳು. "ನೆಲಕ್ಕಿಂತ ಮುಂಚೆ ನಾನೇ ಹೊಡ್ದೆ ಕಣಮ್ಮ!"

ಅಕ್ಕ ನಗಲಿಲ್ಲ. ನೆಟ್ಟಗೆ ನಿಂತು, ಕೈಗಳನ್ನು ತೊಡೆಗಿಟ್ಟು, ಪಂದ್ಯಕ್ಕೆ ಮುನ್ನ ಎದುರಾಳಿಗೆ ಬಾಗುವಂತೆ ಬಾಗಿದರು.

ಅಮ್ಮ ಸೆರಗು ಸರಿಮಾಡಿಕೊಂಡು, ಕೈಗಳನ್ನು ತೊಡೆಗಿಟ್ಟು, ತಾನೂ ಬಾಗಿದಳು.