ಹಿತ್ತಾಳೆಯ ಮೇಲೆ ಕೇಪಾ

ಬೆಳಗಿನ ಆರು ಗಂಟೆ. ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರ ಮೂಲೆಯಲ್ಲಿ ಶೇಖವ್ವ ಉಳಿ ಹಿಡಿದು ಕೂತಿದ್ದಾರೆ, ಕೈ ಮಾತ್ರ ಓಡುತ್ತಿಲ್ಲ. ಗಡಿಯಾರ ನೋಡುತ್ತಾರೆ, ಆಫೀಸು ಕೊಟ್ಟ ಚೀಟಿ ನೋಡುತ್ತಾರೆ, ಎದ್ದು ನೀರು ಕುಡಿದು ಬರುತ್ತಾರೆ. ಹತ್ತಕ್ಕೆ ಹೊಸ ಯಂತ್ರದ ಉದ್ಘಾಟನೆ. ಅದನ್ನು ಜೋಡಿಸಿಕೊಟ್ಟ ವಿದೇಶಿ ಇಂಜಿನಿಯರ್ ಹೆಸರು ಹಿತ್ತಾಳೆ ಫಲಕದ ಮೇಲೆ ಬರಬೇಕು. ಚೀಟಿಯಲ್ಲಿ ‘ಪೆಡ್ರೊ’ ಎಂದಿದೆ. ಆದರೆ ಆ ಹಿರಿಯ ಇಂಜಿನಿಯರ್ ಎರಡು ತಿಂಗಳಿಂದ ಹೇಳಿಕೊಂಡು ಬಂದ ಹೆಸರು ‘ಕೇಪಾ’.

ಹುನಗುಂದದ ಕಡೆಯ ಶೇಖವ್ವ ಪೀಣ್ಯಕ್ಕೆ ಬಂದು ಹನ್ನೊಂದು ವರ್ಷವಾಯಿತು. ದಿನಕ್ಕೆ ಮೂವತ್ತು ಫಲಕ ಕೆತ್ತುತ್ತಾರೆ. ಇಂಗ್ಲಿಷ್ ಬಾರದು, ಅಕ್ಷರಗಳ ಗುರುತು ಮಾತ್ರ ಪಕ್ಕಾ. ಗುತ್ತಿಗೆ ಕೆಲಸ ಈ ತಿಂಗಳು ಮುಗಿಯುತ್ತದೆ. ಮುಂದುವರಿಸುವುದು, ಬಿಡುವುದು ಸೂಪರ್‌ವೈಸರ್ ಲೋಕೇಶ್ ಮರ್ಜಿ.

ಒಮ್ಮೆ ಶೇಖವ್ವ ‘ಸ್ಪೇನ್ ಸಾರ್’ ಎಂದದ್ದಕ್ಕೆ ಕೇಪಾ ತಲೆಯಾಡಿಸಿ, ತಾನು ಬಾಸ್ಕ್ ಎಂದರಂತೆ. ಉಳಿದದ್ದನ್ನು ಟ್ರೈನಿ ಕಾವ್ಯಾ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಸ್ಪೇನಿನ ಉತ್ತರಕ್ಕೆ ಅವರ ಸೀಮೆ, ಭಾಷೆ ಅವರದೇ. ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಆ ಭಾಷೆಯ ಹೆಸರನ್ನು ಮಕ್ಕಳಿಗೆ ಇಡುವಂತಿರಲಿಲ್ಲ. ಗೋರಿಕಲ್ಲಿನ ಹೆಸರುಗಳನ್ನೂ ಅಳಿಸಿದ್ದರು. ಹೀಗೆ ಮನೆಯ ಕೇಪಾ ಕಾಗದದಲ್ಲಿ ಸ್ಪ್ಯಾನಿಷ್ ಭಾಷೆಯ ಪೆಡ್ರೊ ಆದರು. ಆ ಆಡಳಿತ ಹೋದ ಮೇಲೆ ಹೆಸರು ತಿದ್ದಿಸಿಕೊಂಡರು. ಕಾರ್ಖಾನೆಯ ಆಫೀಸಿಗೆ ಮಾತ್ರ ಅವರ ಓಬೀರಾಯನ ಕಾಲದ ಸರ್ಟಿಫಿಕೇಟೇ ಸಿಕ್ಕಿದೆ!

“ಕಲ್ಲಿನ ಮ್ಯಾಲಿನ ಹೆಸರು ಕೆತ್ತಿ ತೆಗಿಯಾಕ ಅಲ್ಲೂ ನನ್ನಂಥಾಕಿ ಒಬ್ಬಾಕಿ ಉಳಿ ಹಿಡದು ಕುಂತಿರಬೇಕಲ್ರೀ,” ಎನ್ನುತ್ತಾರೆ ಶೇಖವ್ವ. ಆ ಯೋಚನೆಯೇ ಅವರ ನಿದ್ದೆ ಕೆಡಿಸಿದೆ.

ಏಳಕ್ಕೆ ಲೋಕೇಶ್ ಬರುತ್ತಾರೆ. ಶೇಖವ್ವ ವಿಷಯ ತೆಗೆಯುತ್ತಾರೆ.

“ಚೀಟೀಲಿ ಏನಿದ್ಯೋ ಅದನ್ನ ಕೆತ್ತಮ್ಮ. ಸುಮ್ನೆ ತಲೆ ತಿನ್ಬೇಡ.”

ಅವರು ಅತ್ತ ಹೋದದ್ದೇ ತಡ, ಶೇಖವ್ವ ಚೀಟಿಯನ್ನು ಮಗುಚಿಟ್ಟು ಸುತ್ತಿಗೆ ಎತ್ತುತ್ತಾರೆ. ಒಂಬತ್ತೂವರೆಗೆ ತಾವೇ ಫಲಕಕ್ಕೆ ಸ್ಕ್ರೂ ಬಿಗಿದು ಬಟ್ಟೆ ಮುಚ್ಚುತ್ತಾರೆ.

ಬಟ್ಟೆ ಸರಿದಾಗ ಲೋಕೇಶ್ ಮುಖ ಕಪ್ಪಿಡುತ್ತದೆ. ಕೇಪಾ ತಮ್ಮ ಹೆಸರಿನ ನಾಲ್ಕೂ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿ, ತಮ್ಮ ಭಾಷೆಯಲ್ಲಿ ಏನೋ ಅನ್ನುತ್ತಾರೆ. ಕಣ್ಣು ಒದ್ದೆಯಾಗಿದೆ. ಕಾವ್ಯಾಳಿಗೂ ಅದು ಅರ್ಥವಾಗುವುದಿಲ್ಲ, ಯಾರೂ ಕೇಳುವುದೂ ಇಲ್ಲ.

“ಸಂಜೆ ಬಂದು ನನ್ನ ನೋಡಮ್ಮ,” ಎಂದು ಲೋಕೇಶ್ ಹಲ್ಲು ಕಚ್ಚಿ ಹೇಳಿ ಹೋಗುತ್ತಾರೆ.

ಹೆದರಿಕೆ ಇಲ್ಲವೇ ಎಂದು ಕೇಳಿದರೆ, “ಅಂಜಿಕಿ ಐತ್ರಿ, ಯಾಕಿಲ್ಲ,” ಎನ್ನುತ್ತಾ ಶೇಖವ್ವ ಕೊರಳಿನ ಐಡಿ ಕಾರ್ಡು ತಿರುಗಿಸಿ ತೋರಿಸುತ್ತಾರೆ. ಅದರಲ್ಲಿರುವ ಹೆಸರು ಶೀಲಾ.

“ಬರಿಯಾಕ ಸಲೀಸು ಅಂತ ಆಫೀಸ್ನವ್ರೇ ಇಟ್ಟಾರ್ರಿ. ಕೆಲಸ ಉಳೀತಂದ್ರ ಇದನ್ನೂ ತಿದ್ದಸ್ತೀನಿ.”